ತಟ್ಟೆ ನಂಬರ್ 27

ನನ್ನ ಹತ್ರ ಕಷ್ಟ ಹೇಳ್ಕೊಳ್ಳೋಕೆ ಬಂದ ಹುಡುಗನಿಗೆ 26. ಹೆಸರು ಮಂಜು ಅಂತಿಟ್ಕೊಳ್ಳಿ, ಊರು ಕೆಲಸ ಎಲ್ಲಾ ಬದಲಾಯಿಸಿದೀನಿ, ಅವನು ಓದಿ ಹೂಂ ಅಂದ್ಮೇಲೇ ಇಲ್ಲಿ ಹಾಕ್ತಿರೋದು. ಬಾಲಮಂದಿರದಲ್ಲಿ, ಅಂದ್ರೆ ನೋಡ್ಕೊಳ್ಳೋರಿಲ್ಲದ ಮಕ್ಕಳ ಸರ್ಕಾರಿ ವಸತಿಯಲ್ಲಿ ಬೆಳೆದವನು, ಈಗ ಎಸಿ ರಿಪೇರಿ ಮಾಡ್ತಾನೆ. ಮದುವೆ ಗೊತ್ತಾಗಿದೆ, ಹುಡುಗಿ ಒಪ್ಪಿದಾಳೆ, ಅವಳ ಅಪ್ಪ ಅಮ್ಮನೂ ಒಪ್ಪಿದಾರೆ, ಆದ್ರೆ ಇವನೇ ಎರಡು ತಿಂಗಳಿಂದ ಅವಳ ಫೋನ್ ಎತ್ತೋದು ಕಮ್ಮಿ ಮಾಡಿ "ನನ್ ಹಣೇಲಿ ಮನೆ ಅಂತ ಬರ್ದಿಲ್ಲ ಮೇಡಂ, ಹೋಗಿ ಸೇರ್ಕೊಂಡ್ರೆ ಅವ್ರಿಗೂ ಕೇಡು" ಅಂತ ಕೂತಿದ್ದ.

ಶುರುವಾಗಿದ್ದು ಜಾತಕದಿಂದ. ಹುಡುಗಿ ಸೋದರಮಾವ ಜಾತಕ, ಗೋತ್ರ ಕೇಳಿದ್ರಂತೆ. ದಾಖಲೇಲಿ ಇವನು ಹುಟ್ಟಿದ್ದು ಜೂನ್ 1. ಇವನ ಜೊತೆಗಿದ್ದ ಹನ್ನೊಂದು ಹುಡುಗ್ರೂ ಹುಟ್ಟಿದ್ದು ಜೂನ್ 1ಕ್ಕೇ, ಸ್ಕೂಲಿಗೆ ಸೇರಿಸೋವಾಗ ಹಾಗೆ ಬರೆಸಿದಾರೆ. ಹುಟ್ಟಿದ ಹೊತ್ತೂ ಗೊತ್ತಿಲ್ದೆ ಅದೇ ತಾರೀಖಿಟ್ಕೊಂಡು ಯಾರೋ ಜೋಯಿಸರು ಕುಜದೋಷ ಬೇರೆ ಹುಡುಕಿ ಕೊಟ್ಟಿದಾರೆ! (ನಗಬಾರ್ದು, ಆದ್ರೆ ಅವತ್ತು ಇಬ್ರೂ ನಕ್ವಿ.)

ಹಣೆಬರಹದ ಬಗ್ಗೆ ನಾನು ವಾದಕ್ಕೆ ಇಳೀಲಿಲ್ಲ. ಅವರ ಮನೆಗೆ ಊಟಕ್ಕೆ ಹೋಗಿದ್ರಲ್ಲ, ಅವತ್ತಿಂದು ಹೇಳಿ ಅಂದೆ. ಉಂಡಾದ್ಮೇಲೆ ಅಭ್ಯಾಸಬಲ, ತನ್ನ ತಟ್ಟೆ ತಾನೇ ತೊಳೆದು ಗೋಡೆಗೆ ಒರಗಿಸಿಟ್ನಂತೆ, ಬಾಲಮಂದಿರದಲ್ಲಿ ಇವನ ತಟ್ಟೆ ಹಿಂದೆ ಮೊಳೇಲಿ 27 ಅಂತ ಗೀಚಿತ್ತು, ಬೇರೆಯವರ ತಟ್ಟೆ ಮುಟ್ಟೋ ಹಾಗಿರ್ಲಿಲ್ಲ. ಹುಡುಗಿ ಅಜ್ಜಿ "ಬಿಡಪ್ಪಾ, ಅಳಿಯ ತಟ್ಟೆ ತೊಳೀತಾನೇನು" ಅಂತ ಅದನ್ನ ತಗೊಂಡು ಉಳಿದ ತಟ್ಟೆಗಳ ಜೊತೆ ಪೇರಿಸಿಟ್ರು. "ಆಮೇಲೆ ನನ್ ತಟ್ಟೆ ಯಾವ್ದು ಅಂತಾನೇ ಗೊತ್ತಾಗ್ಲಿಲ್ಲ ಮೇಡಂ, ಎದೆ ಢವಢವ ಅಂತು, ಎದ್ದು ಬಂದ್ಬಿಟ್ಟೆ."

ಇವನಿಗೆ 18 ತುಂಬ್ತಿದ್ದ ಹಾಗೆ ಟ್ರಂಕ್ ಕೈಗೆ ಕೊಟ್ಟು ಕಳಿಸಿದ್ರು. 2015ರ ಬಾಲನ್ಯಾಯ ಕಾಯ್ದೇಲಿ ಹೀಗೆ ಹೊರಗೆ ಬರೋರಿಗೆ ನೆರವು ಇದೆ, 21ರ ತನಕ ಸಿಗಬಹುದು, ಇವನಿಗೆ ಯಾರೂ ಹೇಳ್ಲೇ ಇಲ್ಲ. ಹೊಂದ್ಕೊಂಡ ಜಾಗದಿಂದ ಒಂದಿನ ಎಬ್ಬಿಸೇ ಎಬ್ಬಿಸ್ತಾರೆ, ಅದಕ್ಕೆ ಮುಂಚೆ ನಾನೇ ಎದ್ದು ಹೋಗೋದು ವಾಸಿ ಅನ್ನೋದು ಅವತ್ತು ಇವನ ಮನಸ್ಸಲ್ಲಿ ಕೂತಿದ್ದು, ಅದಕ್ಕೇ ಹಣೆಬರಹ ಅಂತ ಹೆಸರಿಟ್ಕೊಂಡಿದಾನೆ ಅಂತ ನನ್ನ ಲೆಕ್ಕ.

ನಾನು ಹೇಳಿದ್ದು: ಹುಡುಗಿ ಹತ್ರ ಈ ತಟ್ಟೆ ವಿಷ್ಯ ಬಿಡಿಸಿ ಹೇಳಿ, ಹಣೆಬರಹ ಅನ್ಬೇಡಿ, ಭಯ ಆಗತ್ತೆ ಅಂತ್ಲೇ ಹೇಳಿ. ಗೋತ್ರಕ್ಕೆ ತಲೆ ಕೆಡಿಸ್ಕೋಬೇಡಿ, ಗೊತ್ತಿಲ್ದವ್ರಿಗೆ ಕಾಶ್ಯಪ ಗೋತ್ರ ಹೇಳೋದು ಹಳೇ ರೂಢಿ, ಅದೂ ಬೇಡ ಅಂದ್ರೆ 1954ರ ವಿಶೇಷ ವಿವಾಹ ಕಾಯ್ದೆ ಇದೆ, 30 ದಿನದ ನೋಟಿಸು, ಮೂರು ಜನ ಸಾಕ್ಷಿ, ಗೋತ್ರ ಯಾರೂ ಕೇಳಲ್ಲ. ನಿಮ್ಮ ಹಳೇ ಫೈಲ್ ನೋಡ್ಬೇಕು ಅನ್ಸಿದ್ರೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಅರ್ಜಿ ಕೊಟ್ಟು ಕೇಳಿ, ಆದ್ರೆ ಮದುವೆ ಹೊತ್ತಲ್ಲಿ ಬೇಡ, ಒಬ್ರೇ ಹೋಗ್ಬೇಡಿ, ಅದ್ರಲ್ಲಿ ಅಮ್ಮನ ಹೆಸರು ಇದ್ದೇ ಇರತ್ತೆ ಅಂತ ಆಸೆ ಇಟ್ಕೊಂಡು ಹೋಗ್ಬೇಡಿ.

ಅರ್ಜಿ ಇನ್ನೂ ಕೊಟ್ಟಿಲ್ಲ. ರಿಜಿಸ್ಟರ್ ಮದುವೆ ಅಂತ ಆಗಿದೆ, ಸೋದರಮಾವಂಗೆ ಸಿಟ್ಟು. ಹೋದ ವಾರ ಬಂದವನು, ಸಾಕ್ಷಿಗೆ ಇಬ್ರು ಫ್ರೆಂಡ್ಸ್ ಇದಾರೆ, ಮೂರನೇದಕ್ಕೆ ಬಾಲಮಂದಿರದ ಅಡುಗೆ ಅಕ್ಕನ್ನ ಕರೀಬಹುದಾ ಅಂತ ಕೇಳ್ದ. ಅವರು ರಿಟೈರ್ ಆಗಿ ಆರು ವರ್ಷ ಆಯ್ತು, ಊರು ಗೊತ್ತು, ಫೋನ್ ನಂಬರ್ ಹುಡುಕ್ತಿದಾನೆ.