ಪುಟ್ಟ ಪ್ರಾಣಿಗಳು ಸೇರಿ ಕದ್ದೊಯ್ದ ಮಗುವನ್ನು ಬಿಡಿಸಿ ತರುವ ಕಥೆ: 5 ವರ್ಷದ ಮಗಳಿಗೆ ಹೇಳಬಹುದೇ?

ಧಾರಾಳವಾಗಿ ಹೇಳಿ. ಮಗು ಹೆದರಿಕೊಳ್ಳುತ್ತೆ ಅಂತ ನಿಮ್ಮ ಅತ್ತೆ ಬೇಡ ಅನ್ನುತ್ತಿದ್ದಾರೆ, ಅದಕ್ಕೆ ‘ಕದ್ದೊಯ್ದರು’ ಅನ್ನುವ ಬದಲು ‘ದಾರಿ ತಪ್ಪಿ ಕಳೆದುಹೋದಳು’ ಅಂತ ಮಾಡಲಾ ಎಂದು ಕೇಳಿದ್ದೀರಿ. ಖಂಡಿತ ಬೇಡ. ಹೆಚ್ಚುಕಮ್ಮಿ ಇದೇ ಕಥೆಯನ್ನು ನಾನು ಚಿತ್ರದುರ್ಗದಲ್ಲಿ ನನ್ನ ಮಗಳಿಗೆ ಹೇಳಿದ್ದೇನೆ. ಅವಳಿಗೂ ಆಗ 5 ವರ್ಷ. ಕಥೆಯಿಂದ ತೊಂದರೆ ಆಗಿದ್ದು ನಿಜ, ಆದರೆ ನಿಮ್ಮ ಅತ್ತೆ ಹೇಳುತ್ತಿರುವ ತೊಂದರೆ ಅಲ್ಲ.

ನನ್ನ ಕಥೆಯಲ್ಲಿ ಕೋಟೆ ಕೆಳಗಿನ ಒಂದು ಬೀದಿ. ಪುಟ್ಟಿ ಅನ್ನುವ ಹುಡುಗಿ ಶೇಂಗಾ ಉಂಡೆ ತಿನ್ನುತ್ತಾ ಹೊಸ್ತಿಲ ಮೇಲೆ ಕೂತಿದ್ದಾಗ ಕಳ್ಳ ಅವಳನ್ನು ಎತ್ತಿಕೊಂಡು ಹೋಗುತ್ತಾನೆ. ಬೇವಿನ ಮರದ ಮೇಲಿನ ಅಳಿಲು ಅದನ್ನು ನೋಡುತ್ತೆ. ಬೆಕ್ಕು ಕಂಡರೆ ಬಾಲ ಕುಣಿಸುತ್ತಾ ಚಿಕ್ ಚಿಕ್ ಅಂತ ಬಿಡದೆ ಕೂಗುತ್ತಲ್ಲ, ಹಾಗೇ ಕೂಗುತ್ತೆ. ದೊಡ್ಡವರು ಒಬ್ಬರೂ ತಲೆ ಎತ್ತಿ ನೋಡುವುದಿಲ್ಲ. ಇಲಿ, ಇರುವೆ, ಟಿಟ್ಟಿಭ ಹಕ್ಕಿ ಬರುತ್ತವೆ. ದಾರಿಯುದ್ದಕ್ಕೂ ಉಂಡೆಯ ಪುಡಿ ಉದುರಿದೆ. ಆ ವಾಸನೆ ಹಿಡಿದು ಇರುವೆ ಸಾಲು ಮುಂದೆ, ಮಿಕ್ಕವರು ಹಿಂದೆ. ಹೋಗಿ ಹೋಗಿ ನೋಡಿದರೆ ಕೋಟೆ. ಪುಟ್ಟಿಯನ್ನು ಕೈಕಟ್ಟಿ ಬಂಡೆಗಳ ಮಧ್ಯೆ ಕೂಡಿಹಾಕಿದ್ದಾನೆ. ಒಳಗೆ ಹೋಗಲು ಇರುವುದು ಒಂದು ಕಿಂಡಿ ಮಾತ್ರ.

ನಮ್ಮೂರ ಮಕ್ಕಳಿಗೆ ಕಿಂಡಿ ಅಂದರೆ ಸಾಕು. ಹೈದರಾಲಿಯ ಸೈನಿಕರು ಅದರಲ್ಲಿ ನುಸುಳಿ ಬಂದಿದ್ದು, ನೀರಿಗೆ ಬಂದ ಓಬವ್ವ ಒನಕೆ ಹಿಡಿದು ನಿಂತಿದ್ದು ಎಲ್ಲ ಬಾಯಿಪಾಠ. ದೊಡ್ಡವರು ಮೈ ಕುಗ್ಗಿಸಿ ಒಬ್ಬೊಬ್ಬರಾಗಿ ತೂರಬೇಕಾದ ಜಾಗ ಇಲಿಗೆ ಹೆಬ್ಬಾಗಿಲು. ಕಥೆ ಅಲ್ಲಿಗೆ ಬಂದಾಗ ನನ್ನ ಮಗಳು ಹಾಸಿಗೆಯಲ್ಲಿ ಎದ್ದು ಕೂರುತ್ತಿದ್ದಳು. ಇಲಿ ಹಗ್ಗ ಕಡಿಯುವಾಗ ಅವಳ ಹಲ್ಲೂ ಕಟಕಟ ಅನ್ನುತ್ತಿತ್ತು. ರಾತ್ರಿ ಬೆಚ್ಚಿಬಿದ್ದಿಲ್ಲ, ಅತ್ತಿಲ್ಲ. ಮರುದಿನ ಅದೇ ಕಥೆ ಬೇಕು ಅಂತ ಹಟ ಮಾಡುತ್ತಿದ್ದಳು.

ನಾನು ತಪ್ಪು ಮಾಡಿದ್ದು ಕಳ್ಳನ ವಿಷಯದಲ್ಲಿ. ಅವನು ಯಾರು ಅಂತ ನಾನು ಯೋಚನೆಯನ್ನೇ ಮಾಡಲಿಲ್ಲ. ಊಟ ಮಾಡದ ಮಗುವಿಗೆ ‘ಗೋಣಿಚೀಲದವನು ಬರ್ತಾನೆ ನೋಡು’ ಅಂತ ಹೆದರಿಸುವುದು ಎಲ್ಲ ಮನೆಯಲ್ಲೂ ಇದೆ ಅಲ್ವಾ, ಅವನನ್ನೇ ತಂದು ಕಥೆಯಲ್ಲಿ ಕೂರಿಸಿದೆ. ಮಾಸಿದ ಪಂಚೆ, ಹೆಗಲ ಮೇಲೆ ಚೀಲ. ಅವನು ಹೇಗೆ ಕಾಲೆಳೆದು ನಡೆಯುತ್ತಾನೆ ಅಂತ ನಡೆದೂ ತೋರಿಸಿದೆ.

ಅದು 2018. ಮಕ್ಕಳ ಕಳ್ಳರು ಬಂದಿದ್ದಾರೆ ಅನ್ನುವ ವಾಟ್ಸಾಪ್ ವಿಡಿಯೋಗಳು ಮೊಬೈಲಿಂದ ಮೊಬೈಲಿಗೆ ಓಡಾಡುತ್ತಿದ್ದ ವರ್ಷ. ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ರಾಜಸ್ಥಾನದಿಂದ ದುಡಿಯಲು ಬಂದಿದ್ದ ಒಬ್ಬನನ್ನು ಇದೇ ಅನುಮಾನದಲ್ಲಿ ಜನ ಹೊಡೆದು ಕೊಂದಿದ್ದರು. ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಇನ್ನೊಬ್ಬ ಸತ್ತ. ಅಲ್ಲಿ ಅನುಮಾನ ಶುರುವಾಗಿದ್ದು ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದಕ್ಕೆ.

ನಮ್ಮ ಬೀದಿಗೆ ಹಳೇ ಪೇಪರ್, ಹಳೇ ಕಬ್ಬಿಣ ಕೊಳ್ಳಲು ವಯಸ್ಸಾದವರೊಬ್ಬರು ಸೈಕಲ್ ತಳ್ಳಿಕೊಂಡು ಬರುತ್ತಿದ್ದರು. ಮಕ್ಕಳಿಗೆಲ್ಲ ಗುಜರಿ ಅಜ್ಜ. ಆ ದಿನ ಸೈಕಲ್ ಪಂಕ್ಚರ್ ಆಗಿತ್ತೋ ಏನೋ, ಚೀಲ ಹೆಗಲ ಮೇಲೆ ಹೊತ್ತು ನಡೆದುಕೊಂಡು ಬಂದರು. ಹೊರಗೆ ಆಡುತ್ತಿದ್ದ ನನ್ನ ಮಗಳು ನೋಡಿದಳು. ‘ಕಳ್ಳ ಬಂದ, ಕಳ್ಳ ಬಂದ’ ಅಂತ ಕಿರುಚಿದಳು. ಉಳಿದ ಮಕ್ಕಳು ದನಿಗೂಡಿಸಿದರು. ನಾನು ಮಹಡಿಯಿಂದ ಇಳಿದು ಬರುವಷ್ಟರಲ್ಲಿ ಪಕ್ಕದ ಬೀದಿಯ ಹುಡುಗರು ಅವರ ತೋಳು ಹಿಡಿದಿದ್ದರು. ಒಬ್ಬ ವಿಡಿಯೋ ಮಾಡುತ್ತಿದ್ದ. ಚೀಲ ರಸ್ತೆಗೆ ಸುರಿದಿದ್ದರು. ಹಳೇ ನೋಟ್‌ಬುಕ್ಕು, ಸೀಳಿದ ಪ್ಲಾಸ್ಟಿಕ್ ಬಕೆಟ್, ತುಕ್ಕು ಹಿಡಿದ ಸ್ಟವ್ ಬರ್ನರ್, ಒಂದು ಹಳೇ ತಕ್ಕಡಿ. ನಾನು ಕೂಗಾಡಿದೆ, ಎದುರು ಮನೆಯ ಮೇಷ್ಟ್ರು ಓಡಿ ಬಂದು ಅಡ್ಡ ನಿಂತರು. ಏಟು ಬೀಳಲಿಲ್ಲ. ಅಜ್ಜ ಕೂತು ಒಂದೊಂದೇ ಸಾಮಾನು ಚೀಲಕ್ಕೆ ತುಂಬಿಕೊಂಡರು. ‘ನಿಮ್ಮನೆ ಪೇಪರ್ ಎಷ್ಟು ಸಲ ತೂಗಿಲ್ಲ ನಾನು, ತಾಯಿ?’ ಅಂದರು. ಆಮೇಲೆ ನಮ್ಮ ಬೀದಿಗೆ ಬರಲಿಲ್ಲ. ಬಸ್ ಸ್ಟ್ಯಾಂಡ್ ಹತ್ತಿರದ ಗುಜರಿ ಅಂಗಡಿಗಳಲ್ಲಿ ವಿಚಾರಿಸಿದೆ, ಸಿಗಲಿಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮಗಳು ಹೆದರಿ ಕಿರುಚಿದ್ದಲ್ಲ. ಸಂಜೆ ಕೂರಿಸಿಕೊಂಡು ಕೇಳಿದಾಗ ಅವಳೇ ಹೇಳಿದಳು: ‘ನಾನು ಅಳಿಲು ಆಗಿದ್ದೆ ಅಮ್ಮ. ಕಂಡ ಕೂಡಲೇ ಕೂಗಬೇಕು ಅಲ್ವಾ?’ ಅವಳು ಕಥೆಯನ್ನು ಚೆನ್ನಾಗಿಯೇ ಕಲಿತಿದ್ದಳು. ಧೈರ್ಯವೂ ಬಂದಿತ್ತು. ಆ ಧೈರ್ಯವನ್ನು ಯಾರ ಮೇಲೆ ಬಿಡಬೇಕು ಅನ್ನುವುದಕ್ಕೆ ನಾನು ಕೊಟ್ಟ ಗುರುತು ಮಾತ್ರ ಒಬ್ಬ ಬಡವನ ಬಟ್ಟೆ, ಅವನು ಹೊಟ್ಟೆಪಾಡಿಗೆ ಹೊರುವ ಚೀಲ. ಕಳ್ಳತನದ ಗುರುತು ಒಂದನ್ನೂ ಹೇಳಿರಲಿಲ್ಲ. ಹಾಗಾಗಿ ನೀವು ಹೆದರಿಕೆ ಜಾಸ್ತಿಯಾ ಕಮ್ಮಿಯಾ ಅಂತ ತೂಗುತ್ತಾ ಕೂತಿರುವುದೇ ಸರಿಯಲ್ಲ ಅನಿಸುತ್ತೆ. ನಿಮ್ಮ ಕಥೆಯಲ್ಲಿ ಕಳ್ಳ ಯಾರು? ನಿಮ್ಮ ಪ್ರಶ್ನೆಯಲ್ಲಿ ಅವನ ಬಗ್ಗೆ ಒಂದು ಮಾತೂ ಇಲ್ಲ.

‘ಕಳೆದುಹೋದಳು’ ಯಾಕೆ ಬೇಡ ಅಂದೆ ಅಂದರೆ, ಆಗ ತಪ್ಪು ಮಗುವಿನ ತಲೆ ಮೇಲೆ ಬರುತ್ತೆ. ಅಮ್ಮನ ಕೈ ಬಿಟ್ಟಳು, ಹೇಳದೆ ಹೋದಳು, ಅದಕ್ಕೇ ಹೀಗಾಯಿತು ಅಂತ. ಕದ್ದೊಯ್ದರೆ ತಪ್ಪು ಕದ್ದವನದು. ಯಾರಾದರೂ ತನಗೆ ಕೆಟ್ಟದ್ದು ಮಾಡಿದರೆ ಅದು ತನ್ನ ತಪ್ಪಲ್ಲ ಅಂತ ಮಗುವಿಗೆ ಗೊತ್ತಿರಬೇಕು. ಇಲ್ಲದಿದ್ದರೆ ಬಾಯೇ ಬಿಡುವುದಿಲ್ಲ. ಹೆದರಿಕೆಯ ಮಾತಿಗೆ, ರಾಮಾಯಣವನ್ನು ನಾವೆಲ್ಲ ಯಾವ ವಯಸ್ಸಲ್ಲಿ ಕೇಳಿದೆವು ಹೇಳಿ? ಸೀತೆಯನ್ನು ಎತ್ತಿಕೊಂಡು ಹೋಗುವುದು, ಹದ್ದು ಅಡ್ಡ ಬರುವುದು, ಕೋತಿಗಳು ಹುಡುಕುವುದು, ಅಳಿಲು ಮರಳು ತರುವುದು. ಅಲ್ಲೂ ರಾವಣ ಹತ್ತು ತಲೆ ಹೊತ್ತು ಬಾಗಿಲಿಗೆ ಬರಲಿಲ್ಲ. ನಂಬುವಂಥ ವೇಷದಲ್ಲಿ, ಸನ್ಯಾಸಿಯಾಗಿ ಬಂದ.

ಈಗ ನಾನು ಹೇಳುವ ಕಥೆಯಲ್ಲಿ ಕಳ್ಳ ಇಸ್ತ್ರಿ ಅಂಗಿ ಹಾಕಿದ, ನೋಡಿದ ಮುಖದವನು. ಸ್ಕೂಟರ್ ನಿಲ್ಲಿಸಿ ‘ನಿಮ್ಮಪ್ಪ ಕರ್ಕೊಂಡು ಬಾ ಅಂದ್ರು’ ಅನ್ನುತ್ತಾನೆ. ಹೀಗೆ ಮಾಡಿದ್ದಕ್ಕೆ ಕಾರಣ ಇದೆ. ಪೋಕ್ಸೊ, ಅಂದರೆ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಪ್ರಕರಣಗಳಲ್ಲಿ ಬಹುಪಾಲು ಆರೋಪಿಗಳು ಮಗುವಿಗೆ ಗೊತ್ತಿರುವವರೇ ಅಂತ ಸರ್ಕಾರದ ಅಪರಾಧ ವರದಿಗಳು ವರ್ಷ ವರ್ಷ ಹೇಳುತ್ತಿವೆ. ಅಳಿಲಿಗೆ ಅನುಮಾನ ಬರುವುದೂ ಅವನ ವೇಷದಿಂದ ಅಲ್ಲ. ಅವನು ಪುಟ್ಟಿಯನ್ನು ಶಾಲೆಯಲ್ಲಿ ಬರೆಸಿದ ಹೆಸರು ಹಿಡಿದು ಕರೆಯುತ್ತಾನೆ. ಮನೆಯಿಂದ ಕಳಿಸಿದವನಾದರೆ ಮನೆಯಲ್ಲಿ ಅವಳನ್ನು ಪುಟ್ಟಿ ಅನ್ನುವುದು ಗೊತ್ತಿರಬೇಕಿತ್ತಲ್ಲ! ಇನ್ನೊಂದು, ‘ಅಮ್ಮನಿಗೆ ಹೇಳಿ ಬರ್ತೀನಿ’ ಅಂದರೆ ಬೇಡ ಅನ್ನುತ್ತಾನೆ. ಈ ಎರಡು ಗುರುತು ಸಾಕು. ಚಾಕೊಲೇಟ್ ಕೊಡುವವನನ್ನು ಮಾತ್ರ ಕಳ್ಳ ಮಾಡಬೇಡಿ, ಮುರ್ಕಿಯಲ್ಲಿ ಏನಾಯಿತು ಅಂತ ಮೇಲೆ ಹೇಳಿದೆ. ನಮ್ಮ ಮನೆಯಲ್ಲಿ ಈಗ ಒಂದು ಗುಟ್ಟಿನ ಮಾತು ಇದೆ. ಅದು ಗೊತ್ತಿಲ್ಲದವರ ಜೊತೆ, ಚಿಕ್ಕಪ್ಪನೇ ಬಂದರೂ, ಮಗಳು ಹೋಗುವುದಿಲ್ಲ.

ಪ್ರಾಣಿಗಳಿಗೆ ಕತ್ತಿ, ಮಂತ್ರ ಕೊಡಬೇಡಿ. ಆನೆ, ಹುಲಿಯನ್ನು ಸಹಾಯಕ್ಕೆ ಕರೆಸಬೇಡಿ. ಚಿಕ್ಕವರು ತಮಗೆ ಬರುವ ಕೆಲಸದಿಂದಲೇ ಗೆಲ್ಲಬೇಕು. ಇಲಿಯ ಮುಂದಿನ ಹಲ್ಲು ಬೆಳೆಯುತ್ತಲೇ ಇರುತ್ತೆ, ಅದು ಏನಾದರೂ ಕಡಿಯಲೇಬೇಕು, ಅದಕ್ಕೆ ಹಗ್ಗ ಕಡಿಯುತ್ತೆ. ಟಿಟ್ಟಿಭ ರಾತ್ರಿ ಹೊತ್ತು ಯಾರು ಹತ್ತಿರ ಬಂದರೂ ಊರಿಗೆಲ್ಲ ಕೇಳುವಂತೆ ಅರಚುತ್ತೆ. ನನ್ನ ಕಥೆಯಲ್ಲಿ ಕೋಟೆ ಕಾವಲುಗಾರ ಎಚ್ಚರಾಗುವುದೇ ಆ ಅರಚಾಟಕ್ಕೆ. ಕಳ್ಳನನ್ನು ಹಿಡಿಯುವುದು ದೊಡ್ಡವರು, ಪೊಲೀಸರು. ಮಕ್ಕಳು, ಪ್ರಾಣಿಗಳು ಸೇರಿ ಅವನಿಗೆ ಹೊಡೆಯುವ ದೃಶ್ಯವನ್ನು ನಾನು ಪೂರ್ತಿ ತೆಗೆದುಹಾಕಿದೆ. ಕಾವಲುಗಾರ ಫೋನ್ ಮಾಡುವಾಗ 112 ಅಂತ ಮಗಳೇ ನಂಬರ್ ಒತ್ತುತ್ತಿದ್ದಳು. ಮಕ್ಕಳ ಸಹಾಯವಾಣಿ 1098 ಕೂಡ ಹೀಗೇ ಕಲಿತಳು.

ನಿಮ್ಮ ಅತ್ತೆಯನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಕಿಂಡಿ ನಿಮ್ಮೂರಲ್ಲಿ ಇಲ್ಲದಿದ್ದರೆ ಅವರನ್ನೇ ಕೇಳಿ, ಇಲಿ ಮಾತ್ರ ನುಗ್ಗಬಲ್ಲ ಒಂದು ಜಾಗ ಅವರು ಹುಟ್ಟಿ ಬೆಳೆದ ಮನೆಯಲ್ಲಿ ಇದ್ದೇ ಇರುತ್ತೆ.