ಕೋಣ ಬರುವ ದಾರಿ, ಏರುವ ರೇಟು: ತಲಪಾಡಿಯ ಈಚೆಯಿಂದ ಒಂದು ಉತ್ತರ

ಬೆಂಗಳೂರಿನಲ್ಲಿ ಕೂತು ನೀವು ಕೇಳಿದ ಪ್ರಶ್ನೆ ಓದಿ ನಗು ಬಂತು. "ಕಾಸರಗೋಡು ಕೇರಳದಲ್ಲಿದೆ, ಕೇರಳದಲ್ಲಿ ಬೀಫ್‌ಗೆ ನಿಷೇಧ ಇಲ್ಲ, ಹಾಗಾದರೆ ನಿಮಗೆ ಅಗ್ಗಕ್ಕೆ ಸಿಗಬೇಕಲ್ವಾ, ರೇಟು ಏರಿತು ಅಂತ ಯಾಕೆ ಗೋಳಾಡುತ್ತೀರಿ?" ಸಿಗಬೇಕಿತ್ತು ಮಾರಾಯ್ರೇ. ಎರಡು ರಾಜ್ಯಗಳ ಗಡಿ ಇರುವುದು ತಲಪಾಡಿಯಲ್ಲಿ, ಕಾನೂನು ಅದರ ಈಚೆ ಒಂದು, ಆಚೆ ಇನ್ನೊಂದು. ಆದರೆ ಕೋಣ ಇರುವುದು ಆಚೆ, ತಿನ್ನುವವರು ಇರುವುದು ಈಚೆ. ಇಷ್ಟೇ ವಿಷಯ. ಆದರೂ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಮ್ಮ ಬಗ್ಗೆ ಹೊರಗಿನವರಿಗೆ ಗೊತ್ತಿರುವುದು ಎರಡೇ ಸಂಗತಿ: 1956ರಲ್ಲಿ ಕೇರಳಕ್ಕೆ ಸೇರಿದೆವು, ನಮ್ಮನ್ನು ಕರ್ನಾಟಕಕ್ಕೆ ಸೇರಿಸಿ ಎಂದ ಮಹಾಜನ ವರದಿ ಮೂಲೆಗೆ ಬಿತ್ತು. ಅದು ಬಿಟ್ಟು ನಾವು ಊಟವನ್ನೂ ಮಾಡುತ್ತೇವೆ.

ನಾನಿರುವುದು ಕಾಸರಗೋಡು ಜಿಲ್ಲೆಯ ಉಪ್ಪಳದಿಂದ ಸ್ವಲ್ಪ ಒಳಗೆ. ಮನೆಯಲ್ಲಿ ತುಳು, ಕಲಿಸುವುದು ಕನ್ನಡ ಮಾಧ್ಯಮದ ಶಾಲೆಯಲ್ಲಿ, ಪಂಚಾಯತಿನ ಕಾಗದ ಮಲಯಾಳದಲ್ಲಿ, ಮಾಂಸದ ಅಂಗಡಿಯಲ್ಲಿ ಇಲ್ಲಿಯ ಮುಸ್ಲಿಮರ ಬ್ಯಾರಿ ಭಾಷೆ. ಬೀಫ್ ಅಂದ ಕೂಡಲೇ ನಿಮಗೆ ದನ ಕಣ್ಣಿಗೆ ಬರುತ್ತದೆ. ಇಲ್ಲಿ ಅಂಗಡಿಯಲ್ಲಿ ತೂಗುವುದು ಹೆಚ್ಚಾಗಿ ಕೋಣ, ಎಮ್ಮೆ. ಮಲಯಾಳದಲ್ಲಿ ಪೋತ್ತ್ ಅಂತಾರೆ. ಎತ್ತೂ ಬರುತ್ತದೆ. ಎಲ್ಲದಕ್ಕೂ ಒಟ್ಟಾಗಿ ಬೀಫ್ ಅಂತಲೇ ಹೆಸರು, ಕನ್ನಡದಲ್ಲೂ ಅದೇ.

2017ರ ಸುಮಾರಿಗೆ ಕಿಲೋಗೆ 300ರ ಆಸುಪಾಸು ಕೊಡುತ್ತಿದ್ದ ನೆನಪು. ಈಗ 400 ದಾಟಿದೆ, ಎಲುಬಿಲ್ಲದ್ದು ಕೇಳಿದರೆ ಇನ್ನೂ ಮೇಲೆ. ನಿಮಗೆ ಇದು ದೊಡ್ಡದಲ್ಲ ಅನ್ನಿಸಬಹುದು, ಮಟನ್‌ಗೆ ಇದರ ಎರಡು ಪಟ್ಟು ಕೊಟ್ಟು ಅಭ್ಯಾಸ ಇದ್ದವರು ನೀವು. ಆದರೆ ಇಲ್ಲಿ ಬೀಫ್ ಅನ್ನುವುದು ಕೂಲಿ ಮಾಡುವವನ ಭಾನುವಾರದ ಊಟ. ಮಟನ್ ಮದುವೆಗೆ, ಬೀಫ್ ಮನೆಗೆ. ಆ ಲೆಕ್ಕವೇ ಈಗ ಅಲುಗಾಡುತ್ತಾ ಇರುವುದು.

ಯಾಕೆ ಏರಿತು ಅಂದರೆ, ಮೊದಲು ದಾರಿ ನೋಡಿ. ಗಡಿಯಾಚೆಯ ವಿಟ್ಲ, ಪುತ್ತೂರು ನಮಗೆ ಒಂದು ಗಂಟೆಯ ಚಿಲ್ಲರೆ ದಾರಿ. ನನ್ನ ಅಪ್ಪನ ಕಾಲದಲ್ಲಿ ಉಳುಮೆಗೆ ಆಗದ ಕೋಣ, ಎತ್ತು ಆ ಕಡೆಯಿಂದಲೇ ಈಚೆ ಬರುತ್ತಿತ್ತು. ಕರ್ನಾಟಕದಲ್ಲಿ 2021ರ ಜನವರಿಯಿಂದ ಗೋಹತ್ಯೆ ನಿಷೇಧದ ಹೊಸ ಕಾಯ್ದೆ ಬಂತಲ್ಲ, ಅದರಲ್ಲಿ ದನ, ಎತ್ತು, ಕರು ಮಾತ್ರ ಅಲ್ಲ, 13 ವರ್ಷದೊಳಗಿನ ಕೋಣ, ಎಮ್ಮೆಯೂ ಸೇರಿದೆ. ಕಡಿಯುವುದಕ್ಕಷ್ಟೇ ಅಲ್ಲ, ಕಡಿಯಲು ಸಾಗಿಸುವುದಕ್ಕೂ ತಡೆ. ಸಿಕ್ಕಿಬಿದ್ದರೆ 3ರಿಂದ 7 ವರ್ಷ ಜೈಲು. ಹಳೆಯ 1964ರ ಕಾಯ್ದೆಯಲ್ಲಿ 12 ವರ್ಷ ದಾಟಿದ ಎತ್ತು, ಕೋಣಕ್ಕೆ ಸರ್ಟಿಫಿಕೇಟ್ ಪಡೆದು ಕಡಿಯಲು ಅವಕಾಶ ಇತ್ತು. ಈಗ ಯಾವ ಲಾರಿಯವನು ತಲಪಾಡಿ ದಾಟುವ ಧೈರ್ಯ ಮಾಡುತ್ತಾನೆ ಹೇಳಿ? ಪೊಲೀಸರದ್ದು ಒಂದು ಭಯ, ರಾತ್ರಿ ದಾರಿಗೆ ಅಡ್ಡ ನಿಲ್ಲುವ ಹುಡುಗರದ್ದು ಅದಕ್ಕಿಂತ ದೊಡ್ಡ ಭಯ. ಕಾಗದ ಸರಿ ಇದ್ದರೂ ಡ್ರೈವರ್ ಪೆಟ್ಟು ತಿನ್ನಬೇಕಾಗುತ್ತದೆ. ಆ ಭಯಕ್ಕೂ ಬಾಡಿಗೆ ಉಂಟು, ಅದೂ ಕಿಲೋದ ಮೇಲೆಯೇ ಬೀಳುವುದು.

ಹಾಗಾಗಿ ಈಗ ಕೋಣ ಸುತ್ತು ಹಾಕಿ ಬರುತ್ತದೆ. ಆಂಧ್ರದಿಂದ, ತಮಿಳುನಾಡಿನಿಂದ. ತಮಿಳುನಾಡಿನ ಪೊಳ್ಳಾಚಿಯಲ್ಲಿ ಮಂಗಳವಾರ, ಗುರುವಾರ ಜಾನುವಾರು ಸಂತೆ, ಕೇರಳದ ವ್ಯಾಪಾರಿಗಳೆಲ್ಲ ಅಲ್ಲಿಗೆ ಹೋಗುತ್ತಾರೆ. ಅಲ್ಲಿಂದ ಪಾಲಕ್ಕಾಡ್, ಪಾಲಕ್ಕಾಡಿನಿಂದ ನಮ್ಮ ಊರಿಗೆ 300 ಕಿಲೋಮೀಟರಿಗೂ ಜಾಸ್ತಿ. ಕೇರಳದ ನಕ್ಷೆ ನೋಡಿ, ನಾವಿರುವುದು ತುತ್ತತುದಿಯಲ್ಲಿ. ತಿರುವನಂತಪುರದಿಂದ ಬರುವ ಸರಕಾರಿ ಆದೇಶ ಹೇಗೆ ಕೊನೆಗೆ ನಮಗೆ ತಲುಪುತ್ತದೋ ಹಾಗೆಯೇ ಕೋಣವೂ. ಒಂದು ಗಂಟೆಯ ದಾರಿಯ ಕೋಣ ಬಿಟ್ಟು ಒಂದು ರಾತ್ರಿ ಪೂರ್ತಿ ಪ್ರಯಾಣ ಮಾಡಿದ ಕೋಣ ತಿನ್ನುತ್ತೇವೆ. ಡೀಸೆಲ್ ಲೆಕ್ಕ ನೀವೇ ಹಾಕಿಕೊಳ್ಳಿ.

ಕೇರಳದಲ್ಲೇ ಸಾಕಬಹುದಲ್ಲ ಅಂತೀರಾ? ಗದ್ದೆ ಎಲ್ಲಿದೆ ಸ್ವಾಮೀ. ಗದ್ದೆಗಳೆಲ್ಲ ಅಡಿಕೆ ತೋಟ ಆಯಿತು, ಉಳಿದ ಗದ್ದೆಗೆ ಟಿಲ್ಲರ್ ಬಂತು. ನಮ್ಮ ಕಡೆ ಕೋಣ ಸಾಕುವವರು ಅಂದರೆ ಕಂಬಳದವರು. ಅವರು ಕೋಣಕ್ಕೆ ಹುರುಳಿ ಬೇಯಿಸಿ ಹಾಕಿ, ಎಣ್ಣೆ ತಿಕ್ಕಿ, ಫ್ಯಾನಿನ ಕೆಳಗೆ ಮಲಗಿಸುತ್ತಾರೆ. ಅದರ ಕಡೆ ಕಣ್ಣೆತ್ತಿ ನೋಡಿದರೂ ಕಾಲು ಮುರಿಯುತ್ತಾರೆ.

ಇನ್ನೊಂದು ಕಾರಣ ನನಗೆ ಕಾಕ ಹೇಳಿದ ಮೇಲೆಯೇ ಗೊತ್ತಾದದ್ದು. ಕಾಕ ಅಂದರೆ ನಮ್ಮ ಅಂಗಡಿಯವರು. ಹಿಂದೆ ತೊಗಲಿಗೆ ಒಳ್ಳೆಯ ದುಡ್ಡು ಬರುತ್ತಿತ್ತಂತೆ. ಒಂದು ಕೋಣ ಕಡಿದರೆ ತೊಗಲಿನ ದುಡ್ಡಲ್ಲೇ ಕೂಲಿ, ಬಾಡಿಗೆ ಮುಗಿದು ಮಾಂಸ ಲಾಭಕ್ಕೆ ಉಳಿಯುತ್ತಿತ್ತು. ಈಗ ತೊಗಲು ಕೇಳುವವರಿಲ್ಲ. ಎಲುಬು, ಕರುಳು ಎಲ್ಲ ವಿಲೇವಾರಿ ಮಾಡಲು ಕೈಯಿಂದಲೇ ಕೊಡಬೇಕು. ಜೀವಂತ ಕೋಣದ ತೂಕದಲ್ಲಿ ಅರ್ಧ ಮಾಂಸ ಸಿಕ್ಕಿದರೆ ಅದೃಷ್ಟ. "ಮೊದಲು ತೊಗಲು ಕೊಡ್ತಿದ್ದದ್ದನ್ನು ಈಗ ನೀವು ಕೊಡ್ತಾ ಇದ್ದೀರಿ ಮಾಷ್ಟ್ರೇ" ಅಂದರು. ಇಷ್ಟು ಚಂದದ ಅರ್ಥಶಾಸ್ತ್ರ ನನಗೆ ಬಿ.ಎಡ್‌ನಲ್ಲಿ ಯಾರೂ ಹೇಳಿಕೊಡಲಿಲ್ಲ.

ಈಗ ತಿನ್ನುವವರು ಏನು ಮಾಡುತ್ತಾರೆ ಅನ್ನುವುದಕ್ಕೆ ಬರುತ್ತೇನೆ. ಬಿಟ್ಟರಾ? ಇಲ್ಲ. ಯಾರೂ ಬಿಟ್ಟಿಲ್ಲ.

ಭಾನುವಾರ ಬೆಳಿಗ್ಗೆ ಆರೂವರೆಗೆ ಅಂಗಡಿಗೆ ಬನ್ನಿ, ಗೊತ್ತಾಗುತ್ತದೆ. ಹುಣಸೆ ಮರದ ಕೊರಡು, ಮಧ್ಯದಲ್ಲಿ ಕಡಿದು ಕಡಿದು ಬಟ್ಟಲಿನ ಹಾಗೆ ಗುಂಡಿ ಬಿದ್ದಿದೆ. ಹಿಂದಿನ ಕಾಲು ಎರಡು ನೇತು ಹಾಕಿದ್ದಾರೆ. ಕ್ಯೂ ಇಲ್ಲ, ಗುಂಪು ಇದೆ. "ಎಷ್ಟು ಕಾಕ ಇವತ್ತು?" "ಹೋದ ವಾರದ್ದೇ." ಹೋದ ವಾರ 20 ಏರಿದ್ದು ಅದರಲ್ಲಿ ಹೇಳುವುದಿಲ್ಲ. ಮೊದಲು "ಒಂದು ಕಿಲೋ" ಅಂತ ಗಟ್ಟಿಯಾಗಿ ಕೂಗುತ್ತಿದ್ದವರು ಈಗ ಹತ್ತಿರ ಹೋಗಿ ಮೆಲ್ಲ "ಮುಕ್ಕಾಲು ಸಾಕು" ಅಂತಾರೆ. ನಾನೂ ಅರ್ಧಕ್ಕೆ ಇಳಿದಿದ್ದೇನೆ. ಜಗಳ ಆಗುವುದು ಎಲುಬಿಗೆ. ಮೊದಲು ಎಲುಬು ಜಾಸ್ತಿ ಹಾಕಿದರೆ ಕೋಪ ಬರುತ್ತಿತ್ತು, ಈಗ ಎಲುಬೇ ಹಾಕಿ, ಸ್ವಲ್ಪ ರೇಟು ಇಳಿಸಿ ಅಂತ ಕೇಳುವವರಿದ್ದಾರೆ, ಯಾಕೆಂದರೆ ಎಲುಬಿನಿಂದ ಸಾರು ದಪ್ಪ ಆಗುತ್ತದೆ, ಸಾರು ಜಾಸ್ತಿ ಆದರೆ ಅನ್ನ ಹೋಗುತ್ತದೆ, ಮಕ್ಕಳ ಹೊಟ್ಟೆ ತುಂಬುತ್ತದೆ. ಮೊದಲೆಲ್ಲ ಒಂದು ತುಂಡು ಲಿವರ್ ಸುಮ್ನೆ ಹಾಕಿ ಕೊಡುತ್ತಿದ್ದರು. ಈಗ ಲಿವರ್‌ಗೂ ತಕ್ಕಡಿ. ತೇಗದ ಎಲೆಯಲ್ಲಿ ಕಟ್ಟಿ ಕೊಡುವುದು ಯಾವಾಗಲೋ ನಿಂತಿತು, ಅದಕ್ಕೂ ರೇಟಿಗೂ ಸಂಬಂಧ ಇಲ್ಲ, ಆದರೆ ಆ ಎಲೆಯ ವಾಸನೆ ನನಗೆ ಇನ್ನೂ ಬೇಕು ಅನ್ನಿಸುತ್ತದೆ.

ಅಡುಗೆಯಲ್ಲಿ ಹೆಂಗಸರ ಬುದ್ಧಿ ನೋಡಬೇಕು. ಅರ್ಧ ಕಿಲೋ ಮಾಂಸಕ್ಕೆ ಒಂದು ಇಡೀ ಜೀಗುಜ್ಜೆ, ನೀವು ಬ್ರೆಡ್‌ಫ್ರೂಟ್ ಅನ್ನುವುದು. ಜೀಗುಜ್ಜೆ ಇಲ್ಲದ ಕಾಲದಲ್ಲಿ ಬಾಳೆಕಾಯಿ, ಅದೂ ಇಲ್ಲದಿದ್ದರೆ ಬಟಾಟೆ. ಮಸಾಲೆ ಕುಡಿದ ಜೀಗುಜ್ಜೆ ಹೋಳು ಕಣ್ಣು ಮುಚ್ಚಿ ತಿಂದರೆ ಮಾಂಸವೇ. ಬ್ಯಾರಿಗಳ ಮನೆಯಲ್ಲಿ ಪಿಂಡಿ ಮಾಡುತ್ತಾರೆ, ಅಕ್ಕಿ ಹಿಟ್ಟಿನ ಸಣ್ಣ ಸಣ್ಣ ಉಂಡೆ ಮಾಡಿ ಮಾಂಸದ ಮಸಾಲೆಯಲ್ಲಿ ಕುದಿಸುವುದು. ಅದು ಹಬ್ಬದ ತಿಂಡಿ ಅಂತ ನಾನು ಅಂದುಕೊಂಡಿದ್ದೆ. ಪಕ್ಕದ ಮನೆಯ ಬೀಫಾತಿಮತ್ತ ನಗುತ್ತಾ, "ಹಬ್ಬವೂ ಹೌದು, ಮಾಂಸ ಕಡಿಮೆ ಇದ್ದರೆ ಅದೂ ಹೌದು" ಅಂದರು. ಇನ್ನು ಸುಕ್ಕ ಹುರಿಯುವವರ ಕಷ್ಟ ಬೇರೆ. ತೆಂಗಿನಕಾಯಿ ಚೂರು ಹಾಕಿ ತೆಂಗಿನೆಣ್ಣೆಯಲ್ಲೇ ಹುರಿಯಬೇಕು, ಬೇರೆ ಎಣ್ಣೆ ಹಾಕಿದರೆ ಅದು ಬೀಫ್ ಅಲ್ಲ. 2025ರಲ್ಲಿ ತೆಂಗಿನೆಣ್ಣೆಯೂ 400 ದಾಟಿತು. ಮಾಂಸವೂ 400, ಎಣ್ಣೆಯೂ 400, ಒಂದೇ ಬಾಣಲೆಯಲ್ಲಿ.

ಹೊಟೇಲಿನಲ್ಲಿ ರೇಟು ಏರಿಸುವುದಕ್ಕಿಂತ ತಟ್ಟೆ ಸಣ್ಣ ಮಾಡುತ್ತಾರೆ. ಬೀಫ್ ಫ್ರೈ ಕೇಳಿದರೆ ನೀರುಳ್ಳಿ ಫ್ರೈಯಲ್ಲಿ ಬೀಫ್ ಹುಡುಕಬೇಕು. ಹುಡುಗರು ಅದಕ್ಕೂ ಉಪಾಯ ಕಂಡುಹಿಡಿದಿದ್ದಾರೆ: ನಾಲ್ಕು ಜನಕ್ಕೆ ಒಂದು ಫ್ರೈ, ಹನ್ನೆರಡು ಪೊರೋಟ, ಮತ್ತೆ ಮತ್ತೆ ಗ್ರೇವಿ. ಪೊರೋಟಕ್ಕೆ ಗ್ರೇವಿ ಪುಕ್ಕಟೆ ಅನ್ನುವುದು ಕೇರಳದಲ್ಲಿ ಸಂವಿಧಾನದಲ್ಲೇ ಬರೆದ ಹಾಗೆ. ನಂಬುತ್ತೀರೋ ಇಲ್ವೋ, ಪೊರೋಟ ಮತ್ತು ಬೀಫ್ ಫ್ರೈ ಜೊತೆ ಗ್ರೇವಿ ಕೊಡಲಿಲ್ಲ ಅಂತ ಒಬ್ಬರು ಎರ್ನಾಕುಳಂ ಜಿಲ್ಲಾ ಗ್ರಾಹಕ ಆಯೋಗಕ್ಕೇ ಹೋಗಿದ್ದರು. 2025ರಲ್ಲಿ ಆಯೋಗ ದೂರು ವಜಾ ಮಾಡಿತು, ಪುಕ್ಕಟೆ ಗ್ರೇವಿ ಕೊಡುವ ಬಾಧ್ಯತೆ ಹೊಟೇಲಿಗೆ ಇಲ್ಲ ಅಂತ. ಆ ತೀರ್ಪು ನಮ್ಮ ಊರಿನ ಹೊಟೇಲಿನವನಿಗೆ ಇನ್ನೂ ಗೊತ್ತಾಗಿಲ್ಲ, ದಯವಿಟ್ಟು ನೀವೂ ಹೇಳಬೇಡಿ.

ಬಕ್ರೀದಿಗೆ 7 ಜನ ಸೇರಿ ಒಂದು ಕೋಣ ಬಲಿ ಕೊಡುವ ಕ್ರಮ ಇದೆ. ಪಾಲಿನ ದುಡ್ಡು ಏರಿದ್ದರಿಂದ, ಮೊದಲು ಒಬ್ಬರೇ ಎರಡು ಪಾಲು ಹಾಕುತ್ತಿದ್ದವರು ಒಂದಕ್ಕೆ ಬಂದಿದ್ದಾರೆ. ಆದರೂ ಆ ದಿನ ನಮ್ಮ ಮನೆಗೆ ಬರುವ ಪೊಟ್ಟಣ ಸಣ್ಣ ಆಗಿಲ್ಲ.

ಕೋಳಿಗೆ ಹೋಗಬಹುದಲ್ಲ ಅಂತ ಕೇಳುವಿರಿ. ಹೋಗುತ್ತಾರೆ, ವಾರದ ಮಧ್ಯೆ. ಕೋಳಿಯ ರೇಟು ಸಮುದ್ರದ ಅಲೆ, ಏರುತ್ತದೆ ಇಳಿಯುತ್ತದೆ. ಬೀಫ್ ಮಾತ್ರ ಏರಿದ್ದು ಇಳಿಯುವುದಿಲ್ಲ. ಮೀನು ಇದ್ದರೆ ಬೂತಾಯಿ, ಬಂಗುಡೆಯಲ್ಲಿ ವಾರ ಕಳೆಯುತ್ತದೆ. ಕಷ್ಟ ಬರುವುದು ಜೂನ್, ಜುಲೈಯಲ್ಲಿ. ಕೇರಳದಲ್ಲಿ 52 ದಿನ ಟ್ರಾಲಿಂಗ್ ನಿಷೇಧ, ಕರ್ನಾಟಕದಲ್ಲಿ 61 ದಿನ, ಮಂಗಳೂರಿನ ಬೋಟೂ ಇಲ್ಲ, ಇಲ್ಲಿಯ ಬೋಟೂ ಇಲ್ಲ. ಮಳೆ, ಚಳಿ, ಮೀನಿಲ್ಲ. ಆಗ ಎಲ್ಲರೂ ಕಾಕನ ಅಂಗಡಿಗೇ ಬರಬೇಕು. ಕಾಕನಿಗೂ ಅದು ಗೊತ್ತು.

ನನ್ನ ತಮ್ಮ ದುಬೈಯಲ್ಲಿದ್ದಾನೆ. ಅಲ್ಲಿ ಸೂಪರ್ ಮಾರ್ಕೆಟಿನಲ್ಲಿ ಭಾರತದ ಕೋಣದ ಮಾಂಸ ಫ್ರೀಜ್ ಮಾಡಿದ್ದು ರಾಶಿ ಬಿದ್ದಿರುತ್ತದೆ, ಅಗ್ಗದ ಸಾಲಿನಲ್ಲೇ ಇಡುತ್ತಾರೆ ಅಂತಾನೆ. ಹಡಗಿನಲ್ಲಿ ಹೋಗುವ ಕೋಣಕ್ಕೆ ದಾರಿ ಸಲೀಸು, ವಿಟ್ಲದಿಂದ ಉಪ್ಪಳಕ್ಕೆ ಬರುವ ಕೋಣಕ್ಕೆ ಇಲ್ಲ. ಇದಕ್ಕೆ ನಾನೇನು ಹೇಳಲಿ.

ಒಂದು ವಿಷಯ ಬಿಟ್ಟರೆ ಉತ್ತರ ಪೂರ್ತಿ ಆಗುವುದಿಲ್ಲ. ನನ್ನ ಅಮ್ಮ ಬೀಫ್ ಮುಟ್ಟುವುದಿಲ್ಲ. ನಮ್ಮ ಮನೆಯಲ್ಲಿ ಅದಕ್ಕೆ ಬೇರೆ ಪಾತ್ರೆ, ಬಚ್ಚಲಿನ ಹಿಂದೆ ಬೇರೆ ಒಲೆ. ಅಡುಗೆ ನನ್ನದೇ. ಹೀಗೆ ನಡೆಯುವ ಮನೆ ನಮ್ಮ ಊರಿನಲ್ಲಿ ನಮ್ಮದೊಂದೇ ಅಲ್ಲ, ಯಾರೂ ಬೋರ್ಡು ಹಾಕಿಕೊಂಡಿಲ್ಲ ಅಷ್ಟೇ. ಹೋದ ಭಾನುವಾರ ಅರ್ಧ ಕಿಲೋ ತಂದು ಹಿಂದಿನ ಬಾಗಿಲಿನಿಂದ ಹೋಗುತ್ತಿದ್ದೆ. ಅಮ್ಮ ಒಳಗಿನಿಂದಲೇ ಕೇಳಿದರು, ಎಷ್ಟು ಕೊಟ್ಟೆ ಅಂತ. ಹೇಳಿದೆ. "ಅಷ್ಟು ದುಡ್ಡಿಗೆ ಎಷ್ಟು ಬೂತಾಯಿ ಬರ್ತಿತ್ತು" ಅಂದರು. ಸ್ವಲ್ಪ ಹೊತ್ತಿಗೆ ಒಂದು ಬಟ್ಟಲಿನಲ್ಲಿ ತೆಂಗಿನಕಾಯಿ ಚೂರು ಸಣ್ಣಗೆ ಹೆಚ್ಚಿ, ಹಿಂದಿನ ಮೆಟ್ಟಿಲ ಮೇಲೆ ಇಟ್ಟು ಹೋದರು.

ನೀವು ಬರುವುದಾದರೆ ಶನಿವಾರ ಸಂಜೆಯೇ ಒಂದು ಮಾತು ತಿಳಿಸಿ. ಭಾನುವಾರ ಏಳೂವರೆಯ ಮೇಲೆ ಹೋದರೆ ಕುತ್ತಿಗೆ ಮಾಂಸ ಮಾತ್ರ ಉಳಿದಿರುತ್ತದೆ, ಅದಕ್ಕೂ ರೇಟು ಅದೇ.