ಫ್ರಾನ್ಸಿನ ಹಳ್ಳಿಗಾಡಿನಲ್ಲಿ ಗಾಡಿ ಕಾಟವಿಲ್ಲದೆ ಸೈಕಲ್ ತುಳಿಯೋಕೆ ಯಾವ ರಸ್ತೆ ಹಿಡಿಯಬೇಕು?

ನೀವು ಬರೆದಿರುವುದು ಇಷ್ಟು: ಬೆಂಗಳೂರಿನಲ್ಲಿ 200, 300 ಕಿ.ಮೀ. ಬ್ರೆವೆ (ನಿಗದಿತ ಸಮಯದೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ) ಮಾಡಿ ರೂಢಿ ಇದೆ, ಜೂನ್‌ನಲ್ಲಿ ಕೆಲಸದ ಮೇಲೆ ನೈರುತ್ಯ ಫ್ರಾನ್ಸಿನ ತುಲೂಸ್‌ಗೆ ಬರುತ್ತೀರಿ, ಆಮೇಲೆ ಒಂದು ವಾರ ರಜೆ ಹಾಕಿ ರೋಡ್ ಬೈಕ್‌ನಲ್ಲಿ ಹಳ್ಳಿ ಕಡೆ ಸುತ್ತಬೇಕು, ಕಾರು ಲಾರಿ ಆದಷ್ಟು ಕಡಿಮೆ ಇರಬೇಕು. ನಾನು ಇರುವುದೇ ತುಲೂಸ್‌ನಲ್ಲಿ, ವಾರಾಂತ್ಯ ಬಂದರೆ ಇದೇ ಕೆಲಸ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಮೊದಲು ಒಂದು ಮಾತು. ಹೆಸರುವಾಸಿ ಸೈಕಲ್ ರೂಟುಗಳನ್ನು ಹುಡುಕಬೇಡಿ. ಲುವಾರ್ ನದಿ ಪಕ್ಕದ್ದು, ಅಟ್ಲಾಂಟಿಕ್ ಕಡಲ ಪಕ್ಕದ್ದು, ಕನಾಲ್ ದ್ಯು ಮಿದಿ ಕಾಲುವೆ ಪಕ್ಕದ್ದು, ಇವೆಲ್ಲ ಮನೆಮಂದಿ ಮಕ್ಕಳನ್ನು ಕಟ್ಟಿಕೊಂಡು ಹೋಗುವುದಕ್ಕೆ ಚೆಂದ. ಕಾಲುವೆಯ ಏರಿ ಮೇಲಂತೂ ತುಲೂಸ್ ದಾಟಿ ಸ್ವಲ್ಪ ದೂರ ಹೋದ ಮೇಲೆ ಮಣ್ಣು, ಮರದ ಬೇರು. ನಿಮ್ಮ ಸಣ್ಣ ಟೈರಿಗೆ ಶಿಕ್ಷೆ. ಇಲ್ಲಿ ಬೇಕಾಗಿರುವುದು ರೂಟಲ್ಲ, ಕಾರುಗಳು ಈ ರಸ್ತೆಗೆ ಯಾಕೆ ಬರುವುದಿಲ್ಲ ಅನ್ನುವುದಕ್ಕೆ ಒಂದು ಕಾರಣ. ಆ ಕಾರಣ ಸಿಕ್ಕಿದರೆ ರಸ್ತೆ ತಾನಾಗಿ ಸಿಗುತ್ತದೆ.

ಈ ದೇಶದಲ್ಲಿ ಸುಮಾರು 11 ಲಕ್ಷ ಕಿ.ಮೀ. ರಸ್ತೆ ಇದೆ. ಅದರಲ್ಲಿ ಆಟೋರೂಟ್ (ಎಕ್ಸ್‌ಪ್ರೆಸ್‌ವೇ) ಮತ್ತು ರಾಷ್ಟ್ರೀಯ ಹೆದ್ದಾರಿ ಎರಡೂ ಸೇರಿ ಶೇ 2ರಷ್ಟು. ಉಳಿದದ್ದು ಜಿಲ್ಲೆಗಳ ‘ಡಿ’ ರಸ್ತೆ, ಇಲ್ಲವೇ ಊರಿನ ಪಂಚಾಯಿತಿಯದ್ದು. ಹತ್ತು ಮನೆಯ ಊರಿಗೂ ಡಾಂಬರು ಹಾಕಿದ ರಸ್ತೆ ಇರುತ್ತದೆ, ಅದೂ ಒಂದಲ್ಲ, ಮೂರು ದಿಕ್ಕಿಗೆ ಮೂರು. ಜನ ಪಟ್ಟಣ ಸೇರಿದರು, ರಸ್ತೆ ಉಳಿಯಿತು. ನಮಗೆ ಬೇಕಾದದ್ದು ಅದೇ.

ಆದರೆ ‘ಡಿ’ ಅಂದ ಮಾತ್ರಕ್ಕೆ ನಂಬಬೇಡಿ. 2006ರಲ್ಲಿ ಸರ್ಕಾರ ಸಾವಿರಾರು ಕಿಲೋಮೀಟರ್ ರಾಷ್ಟ್ರೀಯ ಹೆದ್ದಾರಿಯನ್ನು ಜಿಲ್ಲೆಗಳಿಗೆ ವಹಿಸಿಕೊಟ್ಟಿತು. ಹೆಸರು ಬದಲಾಯಿತು, ಲಾರಿ ಬದಲಾಗಲಿಲ್ಲ. ಹಳೇ ಎನ್ 20 ಈಗ ನಮ್ಮ ಕಡೆ ಡಿ 820, ಎನ್ 113 ಈಗ ಡಿ 813. ನಂಬರು 600, 800, 900ರ ಸಾಲಿನಲ್ಲಿದ್ದರೆ ಎರಡು ಸಲ ಯೋಚಿಸಿ. ಇದಕ್ಕೆ ಅಪವಾದವೂ ಇದೆ, ಕೆಳಗೆ ಬರುತ್ತದೆ.

ಮೊಬೈಲ್ ಆ್ಯಪ್‌ಗಿಂತ ಮೊದಲು ಮಿಶಲಿನ್‌ನವರ ಕಾಗದದ ಮ್ಯಾಪು ಕೊಳ್ಳಿ, ಪುಸ್ತಕದಂಗಡಿಯಲ್ಲಿ ಸಿಗುತ್ತದೆ. ಕೆಂಪು ಗೆರೆ ದೊಡ್ಡ ರಸ್ತೆ, ಹಳದಿ ಅದಕ್ಕಿಂತ ಚಿಕ್ಕದು, ಬಿಳಿ ಎಲ್ಲಕ್ಕಿಂತ ಚಿಕ್ಕದು. ನಿಮ್ಮದು ಬಿಳಿ. ಹಳದಿಯೂ ಪರವಾಗಿಲ್ಲ, ಅದರ ಪಕ್ಕದಲ್ಲೇ ಅದೇ ಎರಡು ಊರುಗಳನ್ನು ಸೇರಿಸುವ ಕೆಂಪು ಗೆರೆ ಇದ್ದರೆ. ಅವಸರದವರೆಲ್ಲ ಕೆಂಪಿಗೆ ಹೋಗುತ್ತಾರೆ. ಬೈಪಾಸ್ ಆದ ಮೇಲೆ ನಮ್ಮ ಊರುಗಳ ಒಳಗಿನ ಹಳೇ ರಸ್ತೆ ಹೇಗೆ ಖಾಲಿಯಾಗುತ್ತದೋ ಹಾಗೆ. ಗೆರೆಯ ಪಕ್ಕ ಹಸಿರು ಅಂಚು ಇದ್ದರೆ ನೋಟ ಚೆನ್ನಾಗಿದೆ ಎಂದರ್ಥ; ಜುಲೈ ಆಗಸ್ಟ್‌ನಲ್ಲಿ ಅದೇ ಅಂಚು ಪ್ರವಾಸಿ ಕಾರವಾನುಗಳ ಮುನ್ಸೂಚನೆ. ಮ್ಯಾಪಿನ ಗೆರೆ ಮೇಲೆ ಬಾಣದ ಗುರುತು ಒಂದಿದ್ದರೆ ಶೇ 5ರಿಂದ 9ರ ಏರು, ಎರಡಿದ್ದರೆ 9ರಿಂದ 13, ಮೂರಿದ್ದರೆ ಅದಕ್ಕೂ ಕಡಿದು. ನಂದಿ ಬೆಟ್ಟ ಹತ್ತಿದ ಕಾಲಿಗೆ ಎರಡು ಬಾಣದವರೆಗೆ ಭಯವಿಲ್ಲ. ಮ್ಯಾಪಿನಲ್ಲಿ ಆರಿಸಿದ್ದನ್ನು ಆಮೇಲೆ ದಾರಿ ಹಾಕಿಕೊಡುವ ಆ್ಯಪ್‌ಗಳಾದ ಕೊಮೂಟ್‌ನಲ್ಲೋ ಸೈಕಲ್ ಡಾಟ್ ಟ್ರಾವೆಲ್‌ನಲ್ಲೋ ಹಾಕಿಕೊಳ್ಳಿ. ಎರಡನೆಯದು ಗಾಡಿ ಕಡಿಮೆ ಇರುವ ದಾರಿಗೇ ಒಲವು ತೋರಿಸುತ್ತದೆ, ನನಗೆ ಅದೇ ಇಷ್ಟ.

ಈಗ ಜಾಗಗಳು. ನನ್ನನ್ನು ಕೇಳಿದರೆ ಮೊದಲ ದಿನವೇ ಸೆಲೆ ನದಿಯ ಕಣಿವೆಗೆ ಹೋಗಿ. ತುಲೂಸ್‌ನಿಂದ ಫಿಜಾಕ್‌ಗೆ ಟಿ.ಇ.ಆರ್. ರೈಲಿದೆ, ಪ್ರಾದೇಶಿಕ ರೈಲಾದ್ದರಿಂದ ಸೈಕಲ್ಲನ್ನು ಬಿಚ್ಚದೆ ಹಾಗೇ ಹತ್ತಿಸಬಹುದು. ಫಿಜಾಕ್‌ನಿಂದ ಪಶ್ಚಿಮಕ್ಕೆ ಸ್ವಲ್ಪ ದೂರ ಹೋದರೆ ಡಿ 41 ಸಿಗುತ್ತದೆ, ಅಲ್ಲಿಂದ ಅದು ನದಿಯ ಕೈ ಬಿಡುವುದೇ ಇಲ್ಲ. ಒಂದು ಕಡೆ ನೀರು, ಮೆಕ್ಕೆಜೋಳ, ವಾಲ್‌ನಟ್ ಮರಗಳ ಸಾಲು. ಇನ್ನೊಂದು ಕಡೆ ತಲೆ ಮೇಲೆ ಬಾಗಿದ ಸುಣ್ಣಕಲ್ಲಿನ ಬಂಡೆ. ಕಾರುಗಳು ಯಾಕಿಲ್ಲ? ಫಿಜಾಕ್‌ನಿಂದ ಕಾವೋರ್‌ಗೆ ಹೋಗುವವರು ಕಣಿವೆಗೆ ಇಳಿಯದೆ ಮೇಲಿನ ಬಯಲಲ್ಲೇ ನೆಟ್ಟಗೆ ಹೋಗಿಬಿಡುತ್ತಾರೆ. ನದಿ ಬಳುಕಿದ ಹಾಗೆಲ್ಲ ಬಳುಕುತ್ತಾ ಹೋಗುವ ತಾಳ್ಮೆ ಅವರಿಗಿಲ್ಲ.

ದಾರಿಯಲ್ಲಿ ಎಸ್ಪಾನ್ಯಾಕ್ ಸಾಂತ್ ಯುಲಾಲಿ ಎಂಬ ಊರಿನ ಮರದ ಗಂಟೆಗೋಪುರ, ಮಾರ್ಸಿಯಾಕ್‌ನಲ್ಲಿ ಅರ್ಧ ಕುಸಿದ ಬೆನೆಡಿಕ್ಟೈನ್ ಮಠ. ಕಾಬ್ರೆರೆ ಊರಿನ ಮೇಲೆ ಪೆಶ್ ಮೆರ್ಲ್ ಗುಹೆ ಇದೆ, ಅದರ ಚುಕ್ಕೆ ಕುದುರೆಗಳ ಚಿತ್ರಕ್ಕೆ ಸುಮಾರು 29,000 ವರ್ಷ. ದಿನಕ್ಕೆ ಇಷ್ಟೇ ಜನ ಎಂದು ಮಿತಿ ಇರುವುದರಿಂದ ಮೊದಲೇ ಟಿಕೆಟ್ ಮಾಡಿಸಿ. ಅಲ್ಲಿಂದ ಮುಂದೆ ಸೆಲೆ ನದಿ ಲೋಟ್ ನದಿಯನ್ನು ಸೇರುತ್ತದೆ. ಎದುರಿನ ಬಂಡೆ ಮೇಲಿನ ಸಾಂ ಸಿರ್ ಲಾಪೋಪಿ ಭಾರಿ ಹೆಸರಿನ ಊರು, ಜನಜಂಗುಳಿ. ಹೋಗುವುದಾದರೆ ಬೆಳಿಗ್ಗೆ ಎಂಟರೊಳಗೆ ಹೋಗಿ. ಕಾವೋರ್‌ವರೆಗೆ ಒಟ್ಟು 80–90 ಕಿ.ಮೀ. ವೇರ್ ಎಂಬ ಊರು ದಾಟಿದ ಮೇಲಿನ ಕೊನೇ ತುಂಡಿನಲ್ಲಿ ಮಾತ್ರ ಗಾಡಿ ಜಾಸ್ತಿ, ಯಾಕೆಂದರೆ ಆ ಮೇಲಿನ ಬಯಲ ರಸ್ತೆ ಅಲ್ಲಿ ಬಂದು ಕೂಡಿಕೊಳ್ಳುತ್ತದೆ. ಕಾವೋರ್‌ನಿಂದ ವಾಪಸ್ ತುಲೂಸ್‌ಗೆ ಮತ್ತೆ ರೈಲು.

ಜೆರ್ಸ್ ಜಿಲ್ಲೆ ತುಲೂಸ್‌ನ ಪಶ್ಚಿಮಕ್ಕೆ, ಮನೆಯಿಂದಲೇ ತುಳಿದುಕೊಂಡು ಹೋಗಬಹುದು. ಸೂರ್ಯಕಾಂತಿ, ಗೋಧಿ, ಬಾತುಕೋಳಿ ಸಾಕುವವರು. ಮ್ಯಾಪಿನಲ್ಲಿ ಚಪ್ಪಟೆ ಕಂಡರೂ ಇದು ಕಾಲು ಮುರಿಯುವ ಸೀಮೆ. ಇಲ್ಲಿನ ಹೆಚ್ಚಿನ ನದಿಗಳು ದಕ್ಷಿಣದ ಲಾನ್‌ಮೆಜಾಂ ಪ್ರಸ್ಥಭೂಮಿಯಿಂದ ಬೀಸಣಿಗೆಯ ಕಡ್ಡಿಗಳಂತೆ ಉತ್ತರಕ್ಕೆ ಹರಡಿವೆ. ಉತ್ತರ–ದಕ್ಷಿಣವಾಗಿ ಹೋದರೆ ಒಂದೇ ಕಣಿವೆಯಲ್ಲೋ ಒಂದೇ ದಿಣ್ಣೆ ಮೇಲೋ ಹಾಯಾಗಿ ಸಾಗಬಹುದು. ಪೂರ್ವ–ಪಶ್ಚಿಮ ಹಿಡಿದಿರೋ, ಪ್ರತಿ ನದಿಗೊಮ್ಮೆ ಇಳಿ, ಹತ್ತು, ಇಳಿ, ಹತ್ತು. ದೊಡ್ಡ ರಸ್ತೆಗಳು ಕಣಿವೆಯ ತಳದಲ್ಲಿವೆ. ದಿಣ್ಣೆಯ ನೆತ್ತಿ ಮೇಲೆ ಹೋಗುವ ಬಿಳಿ ಗೆರೆ ಆರಿಸಿಕೊಳ್ಳಿ. ಆಕಾಶ ಶುಭ್ರವಾಗಿದ್ದರೆ ದಕ್ಷಿಣಕ್ಕೆ ಪಿರೆನೀಸ್ ಪರ್ವತ ಸಾಲು ಕಾಣುತ್ತದೆ. ಪ್ರವಾಸಿ ಪುಸ್ತಕಗಳು ಈ ಜಿಲ್ಲೆಗೆ ಯಾಕೆ ಎರಡೇ ಪುಟ ಕೊಡುತ್ತವೋ ನನಗೆ ತಿಳಿಯದು, ಹಾಗೇ ಇರಲಿ.

ಪೂರ್ತಿ ಏಕಾಂತ ಬೇಕಾದರೆ ಲೋಜೆರ್. ಸಾಗರದಾಚೆಯ ಭಾಗಗಳನ್ನು ಬಿಟ್ಟರೆ ಫ್ರಾನ್ಸಿನಲ್ಲಿ ಇಷ್ಟು ಕಡಿಮೆ ಜನರಿರುವ ಜಿಲ್ಲೆ ಇನ್ನೊಂದಿಲ್ಲ, ಒಟ್ಟು ಸುಮಾರು 76,000. ಅಲ್ಲಿನ ತಾರ್ನ್ ಕಂದರದ ರಸ್ತೆ ಬೇಸಿಗೆಯಲ್ಲಿ ಗಿಜಿಗುಟ್ಟುತ್ತದೆ. ಅದರ ಮೇಲಿರುವ ಕೋಸ್ ಮೆಜಾಂ, ಸುಮಾರು 1,000 ಮೀಟರ್ ಎತ್ತರದ ಹುಲ್ಲುಗಾವಲು ಬಯಲು, ಅಲ್ಲಿ ಕುರಿಗಳೇ ಜಾಸ್ತಿ. ಮಂಗೋಲಿಯಾ ಮೂಲದ ಪ್ರ್ಜೆವಾಲ್ಸ್ಕಿ ಕಾಡುಕುದುರೆಗಳನ್ನೂ ಅಲ್ಲಿ ಸಾಕಿದ್ದಾರೆ. ನೆರಳಿಲ್ಲ, ನೀರಿಲ್ಲ, ಗಾಳಿ ವಿಪರೀತ. ಎರಡು ಬಾಟಲಿ ತುಂಬಿಸಿಕೊಂಡೇ ಹತ್ತಬೇಕು.

ದೊಡ್ಡ ನಂಬರಿನ ‘ಡಿ’ ರಸ್ತೆಗಳಿಗೆ ಮೇಲೆ ಹೇಳಿದ ಅಪವಾದ ಆಗ್ನೇಯ ಫ್ರಾನ್ಸಿನ ಪ್ರೊವಾನ್ಸ್ ಕಡೆಯ ಡಿ 942. ವಿಲ್ ಸುರ್ ಓಜೋಂನಿಂದ ಸೋ ಎಂಬ ಊರಿಗೆ ನೆಸ್ಕ್ ನದಿಯ ಕಂದರದ ಅಂಚಿನಲ್ಲೇ ಹೋಗುವ ರಸ್ತೆ, ಹಿತವಾದ ಏರು. ಸೋ ಊರಿಗೆ ಕೆಲಸವಿದ್ದು ಹೋಗುವವರು ಆಬೆಯ್ ಘಟ್ಟದ ಡಿ 1 ಹಿಡಿಯುತ್ತಾರೆ, ಕಂದರ ನಮಗೆ ಉಳಿಯುತ್ತದೆ. ನಂಬರಿಗಿಂತ ಕಾರಣ ಮುಖ್ಯ ಎಂದದ್ದು ಇದಕ್ಕೇ. ತುಲೂಸ್‌ನಿಂದ ದೂರ, ಈ ವಾರಕ್ಕೆ ಆಗದಿದ್ದರೆ ಬಿಡಿ.

2027ರ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಎಂಬ ದೊಡ್ಡ ಬ್ರೆವೆ ಬಗ್ಗೆಯೂ ಕೇಳಿದ್ದೀರಿ. ಆ 1,200 ಕಿ.ಮೀ. ದಾರಿ ಬಹುಪಾಲು ಇಂಥದೇ ಸಣ್ಣ ರಸ್ತೆಗಳದ್ದು. ಆದರೆ ಆ ದಿನಗಳಲ್ಲಿ ಹಳ್ಳಿಯವರು ಬಾಗಿಲಲ್ಲಿ ಕಾಫಿ, ನೀರು ಇಟ್ಟುಕೊಂಡು ಕಾಯುತ್ತಾರೆ. ಮಿಕ್ಕ ದಿನ ಅದೇ ಊರುಗಳಲ್ಲಿ ತೆರೆದ ಬಾಗಿಲೇ ಸಿಗುವುದಿಲ್ಲ. ಊಟದ ವಿಷಯ ಅದಕ್ಕೇ ಹೇಳಬೇಕು. ಮಧ್ಯಾಹ್ನ 12ರಿಂದ 2ರವರೆಗೆ ಅಂಗಡಿ ಬಂದ್, ಭಾನುವಾರ ಮಧ್ಯಾಹ್ನದ ಮೇಲೆ ಬಂದ್, ಸೋಮವಾರ ಬೇಕರಿಯೂ ಎಷ್ಟೋ ಕಡೆ ಬಂದ್. ನಮ್ಮ ಹಾಗೆ ಹತ್ತು ಕಿ.ಮೀ.ಗೊಂದು ಟೀ ಅಂಗಡಿ ಇರುತ್ತದೆ ಎಂದುಕೊಳ್ಳಬೇಡಿ. ಸಸ್ಯಾಹಾರಿಯಾದರೆ ಚೀಸು, ಬ್ರೆಡ್ಡು, ಬಾಳೆಹಣ್ಣು ಸದಾ ಜೇಬಿನಲ್ಲಿರಲಿ. ನೀರು ಮುಗಿದರೆ ಸ್ಮಶಾನಕ್ಕೆ ಹೋಗಿ: ಹೂಗಿಡಕ್ಕೆಂದು ಅಲ್ಲಿ ನಲ್ಲಿ ಇರುತ್ತದೆ, ಇಲ್ಲಿನ ಸೈಕಲ್ಲಿನವರೆಲ್ಲ ಹಾಗೇ ಮಾಡುವುದು. ‘ನೋಂ ಪೊತಾಬ್ಲ್’ ಎಂದು ಬರೆದಿದ್ದರೆ ಮಾತ್ರ ಕುಡಿಯಬೇಡಿ.

ಇಲ್ಲಿ ಬಲಗಡೆ ಓಡಾಟ ಅನ್ನುವುದು ಗೊತ್ತೇ ಇರುತ್ತದೆ. ಗೊತ್ತಿಲ್ಲದೆ ಇರಬಹುದಾದದ್ದು: ಹಳ್ಳಿಯೊಳಗೆ ಫಲಕವಿಲ್ಲದ ಕೂಡುರಸ್ತೆಯಲ್ಲಿ ಬಲಗಡೆಯ ಸಂದಿಯಿಂದ ಬರುವ ಗಾಡಿಗೇ ಮೊದಲ ಹಕ್ಕು, ಸಂದಿ ಎಷ್ಟೇ ಚಿಕ್ಕದಿರಲಿ. ಊರಾಚೆ ಕಾರು ನಿಮ್ಮನ್ನು ದಾಟುವಾಗ ಒಂದೂವರೆ ಮೀಟರ್ ಅಂತರ ಬಿಡಬೇಕು ಎಂದು ಕಾನೂನಿದೆ, ಹಳ್ಳಿಯವರು ಅದಕ್ಕಿಂತ ಹೆಚ್ಚೇ ಬಿಡುತ್ತಾರೆ. ಕತ್ತಲಾದ ಮೇಲೆ ಊರ ಹೊರಗೆ ಹೊಳೆಯುವ ಜಾಕೆಟ್ ಕಡ್ಡಾಯ, ಕಿವಿಗೆ ಇಯರ್‌ಫೋನ್ ಹಾಕುವಂತಿಲ್ಲ.

ಜೂನ್ ಒಳ್ಳೆಯ ಆಯ್ಕೆ. ಶಾಲೆಗೆ ರಜೆ ಕೊಟ್ಟಿರುವುದಿಲ್ಲ, ಬೆಳಕು ರಾತ್ರಿ ಒಂಬತ್ತೂವರೆವರೆಗೆ ಇರುತ್ತದೆ. ಒಂದೇ ತೊಂದರೆ, ಬೇಸಿಗೆ ಬಂದರೆ ಸಣ್ಣ ರಸ್ತೆಗಳಿಗೆ ಟಾರು ಚಿಮುಕಿಸಿ ಮೇಲೆ ಜಲ್ಲಿ ಉದುರಿಸಿ ಹೋಗುತ್ತಾರೆ. ಅದನ್ನು ಒತ್ತಿ ಕೂರಿಸುವ ಕೆಲಸ ಓಡಾಡುವ ಗಾಡಿಗಳದ್ದು, ಗಾಡಿಯೇ ಇಲ್ಲದ ರಸ್ತೆಯಲ್ಲಿ ಆ ಜಲ್ಲಿ ಎಷ್ಟೋ ದಿನ ಹಾಗೇ ಬಿದ್ದಿರುತ್ತದೆ. ‘ಗ್ರಾವಿಯೋಂ’ ಎಂಬ ಫಲಕ ಕಂಡರೆ ಇಳಿಜಾರಿನಲ್ಲಿ ವೇಗ ಇಳಿಸಿ. ಬೈಕ್ ಬಾಡಿಗೆಗೆ ತೆಗೆದುಕೊಳ್ಳುವಾಗ 28 ಮಿ.ಮೀ. ಟೈರ್ ಕೇಳಿ, 32 ಹಿಡಿಸುವಂತಿದ್ದರೆ 32.